ರೀಸೆಟ್ ಗುಂಡಿ ಒತ್ತುವ ಮೊದಲು: ಫೈಬರ್ ಸಂಪರ್ಕದಲ್ಲಿ ರೂಟರ್ ತೊಂದರೆ ಹುಡುಕುವ ಕ್ರಮ

ನೆಟ್ ಹೋಯಿತು ಎಂದ ಕೂಡಲೇ ಹಲವರ ಕೈ ಹೋಗುವುದು ರೂಟರಿನ ಹಿಂದಿರುವ ಸಣ್ಣ ತೂತಿಗೆ. ಪಿನ್ನು ತೂರಿಸಿ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಫೈಬರ್ ಸಂಪರ್ಕದಲ್ಲಿ ಇದು ಇದ್ದ ತೊಂದರೆಯ ಮೇಲೆ ಇನ್ನೊಂದನ್ನು ತಂದಿಡುತ್ತದೆ. ಆ ಪೆಟ್ಟಿಗೆಯೊಳಗೆ ಇಂಟರ್‌ನೆಟ್ ಕಂಪನಿಯವರು ಹಾಕಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಒಂದೇ ಫೈಬರ್‌ನಲ್ಲಿ ಹರಿಯುವ ಸೇವೆಗಳನ್ನು ಬೇರ್ಪಡಿಸುವ ಗುರುತು), ಫೋನಿನ ಸೆಟ್ಟಿಂಗ್ ಎಲ್ಲ ಇರುತ್ತವೆ. ರೀಸೆಟ್ ಮಾಡಿದರೆ ಅವೆಲ್ಲ ಅಳಿಸಿಹೋಗುತ್ತವೆ. ಬೆಳಿಗ್ಗೆ ಕಂಬದ ಮೇಲೆ ಕೇಬಲ್ ತುಂಡಾಗಿದ್ದರೆ ಮಧ್ಯಾಹ್ನ ಅದನ್ನು ಜೋಡಿಸಿದ ಮೇಲೂ ನಿಮ್ಮ ಮನೆಗೆ ಮಾತ್ರ ನೆಟ್ ಬರುವುದಿಲ್ಲ.

ರೀಬೂಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು, ಆನ್ ಮಾಡುವುದು ರೀಬೂಟ್. ಅದರಿಂದ ಏನೂ ಅಳಿಯುವುದಿಲ್ಲ. ಒಮ್ಮೆ ಮಾಡಿ ನೋಡಿ. ಆಗಲೂ ಬಾರದಿದ್ದರೆ ಕೆಳಗಿನ ಕ್ರಮದಲ್ಲಿ, ಹೊರಗಿನಿಂದ ಒಳಗೆ, ಒಂದೊಂದೇ ಮೆಟ್ಟಿಲು ನೋಡುತ್ತ ಬನ್ನಿ: ಮೊದಲು ಗಾಜಿನ ಎಳೆಯಲ್ಲಿ ಬೆಳಕು, ಆಮೇಲೆ ನೋಂದಣಿ, ಲಾಗಿನ್, ಐಪಿ ವಿಳಾಸ, ಕಟ್ಟಕಡೆಗೆ ವೈಫೈ. ಮೇಲಿನ ಮೆಟ್ಟಿಲು ಗಟ್ಟಿಯಾಗುವ ತನಕ ಕೆಳಗಿನದನ್ನು ತಿದ್ದಬೇಡಿ. ಬೆಳಕೇ ಬಾರದ ಮನೆಯಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ಪ್ರಯೋಜನವಿಲ್ಲ.

ಮನೆಯಲ್ಲಿರುವ ಪೆಟ್ಟಿಗೆ ಯಾವುದು

ಹಸಿರು ಅಥವಾ ನೀಲಿ ಮೂತಿಯ ತೆಳು ಫೈಬರ್ ಹೊಕ್ಕಿರುವ ಪೆಟ್ಟಿಗೆ ಒಎನ್‌ಟಿ. ಕೇಬಲ್‌ನವರು ಅದನ್ನೇ ಒಎನ್‌ಯು ಅಥವಾ ಬರೀ ಮೋಡೆಮ್ ಎನ್ನುತ್ತಾರೆ. ಕಂಪನಿಯ ಕಡೆ, ಎಕ್ಸ್‌ಚೇಂಜಿನಲ್ಲೋ ಆಪರೇಟರರ ಕೋಣೆಯಲ್ಲೋ ಇರುವ ದೊಡ್ಡ ಯಂತ್ರ ಒಎಲ್‌ಟಿ. ಇವೆರಡರ ನಡುವೆ ಕರೆಂಟು ಬೇಡದ ಸ್ಪ್ಲಿಟರ್‌ಗಳು ಒಂದು ಎಳೆಯ ಬೆಳಕನ್ನು 32 ಅಥವಾ 64 ಮನೆಗೆ ಹಂಚುತ್ತವೆ.

ಒಎನ್‌ಟಿ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ರೂಟ್ ಮೋಡ್‌ನಲ್ಲಿ ಲಾಗಿನ್ ಆಗುವುದು, ಐಪಿ ಹಂಚುವುದು, ವೈಫೈ ಕೊಡುವುದು ಎಲ್ಲವೂ ಅದರದೇ ಕೆಲಸ. ಬ್ರಿಡ್ಜ್ ಮೋಡ್‌ನಲ್ಲಿ ಅದು ಬೆಳಕನ್ನು ಲ್ಯಾನ್ ತಂತಿಗೆ ಬದಲಾಯಿಸಿ ಕೊಡುತ್ತದೆ ಅಷ್ಟೆ. ಲಾಗಿನ್ ಆಗಬೇಕಾದ್ದು ನೀವು ಕೊಂಡು ತಂದ ರೂಟರ್. ನಿಮ್ಮ ಮನೆಯಲ್ಲಿ ಲಾಗಿನ್ ಆಗುವುದು ಯಾವುದು ಎಂಬುದನ್ನು ಈಗಲೇ ಖಚಿತ ಮಾಡಿಕೊಳ್ಳಿ. ಎರಡರಲ್ಲೂ ಒಂದೇ ಯೂಸರ್‌ನೇಮ್ ಹಾಕಿಟ್ಟರೆ ಒಂದು ಒಳಹೊಕ್ಕಾಗ ಇನ್ನೊಂದು ಹೊರಗೆ ಬೀಳುತ್ತ, ಕೆಲವು ನಿಮಿಷಕ್ಕೊಮ್ಮೆ ನೆಟ್ ಹೋಗಿ ಬರುತ್ತದೆ. ಹೊಸ ರೂಟರ್ ತಂದ ಮನೆಗಳಲ್ಲಿ ಇದು ತೀರ ಸಾಮಾನ್ಯವಾದ ತಪ್ಪು.

ದೀಪಗಳು ಹೇಳುವುದು

‘ಎಲ್‌ಒಎಸ್’ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ಅಥವಾ ಒಎನ್‌ಟಿ ಓದಲಾರದಷ್ಟು ಮಂಕಾಗಿದೆ. ನಿಮ್ಮ ಯಾವ ಸೆಟ್ಟಿಂಗೂ ಇದಕ್ಕೆ ಕಾರಣವಲ್ಲ. ಫೈಬರ್ ಎಲ್ಲಾದರೂ ಚೂಪಾಗಿ ಮಡಚಿದೆಯೇ, ಕಪಾಟಿನ ಹಿಂದೆ ಅದುಮಿಹೋಗಿದೆಯೇ, ಅಳಿಲು ಕಚ್ಚಿದೆಯೇ ನೋಡಿ. ಎಳೆಯನ್ನು ಸುತ್ತಿಡುವುದಾದರೆ ಸುರುಳಿ ಅಂಗೈ ಅಗಲಕ್ಕಿಂತ ಚಿಕ್ಕದಾಗದಿರಲಿ. ಬಾಗುವಿಕೆಯ ತ್ರಿಜ್ಯ 30 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಸಾಧಾರಣ ಫೈಬರ್ ಬೆಳಕು ಸೋರುತ್ತದೆ.

ಎಲ್‌ಒಎಸ್ ಆರಿದ್ದು, ನೋಂದಣಿಯನ್ನು ತೋರಿಸುವ ‘ಪಾನ್’ ದೀಪ ಮಿನುಗುತ್ತಲೇ ಇದ್ದರೆ ಅರ್ಥ ಬೇರೆ. ಬೆಳಕು ಬಂದಿದೆ, ಆದರೆ ಒಎಲ್‌ಟಿ ನಿಮ್ಮ ಪೆಟ್ಟಿಗೆಯನ್ನು ತನ್ನದೆಂದು ಒಪ್ಪಿಲ್ಲ. ಒಎನ್‌ಟಿ ಬದಲಾಯಿಸಿದ ಮೇಲೆ ಹೀಗಾದರೆ ಹೊಸ ಪೆಟ್ಟಿಗೆಯ ಸೀರಿಯಲ್ ನಂಬರ್ ಕಂಪನಿಯ ಕಡೆ ನೋಂದಣಿಯಾಗಿಲ್ಲ ಎಂದೇ ತಿಳಿಯಿರಿ. ಜಿಪಾನ್ (ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಈ ಫೈಬರ್ ಪದ್ಧತಿ) ಸೀರಿಯಲ್‌ನಲ್ಲಿ 12 ಅಕ್ಷರ: ಮೊದಲ ನಾಲ್ಕು ತಯಾರಕರ ಗುರುತು, ಉಳಿದ ಎಂಟು ಆ ಪೆಟ್ಟಿಗೆಯದೇ ಸಂಖ್ಯೆ. ಕೆಲವು ಲೇಬಲ್‌ಗಳಲ್ಲಿ ಆ ನಾಲ್ಕು ಅಕ್ಷರಗಳನ್ನೂ ಹೆಕ್ಸ್ ಅಂಕಿಗಳಾಗಿ ಬರೆದು ಒಟ್ಟು 16 ಮಾಡಿರುತ್ತಾರೆ, ಎರಡೂ ಒಂದೇ. ಬಾಯಲ್ಲಿ ಹೇಳಿದರೆ ಬಿಗೆ 8, ಡಿಗೆ 0 ಆಗಿಬಿಡುತ್ತದೆ. ಲೇಬಲ್‌ನ ಫೋಟೋ ತೆಗೆದು ಕಳಿಸಿ. ರೀಸೆಟ್ ಮಾಡಿದ ನಂತರ ಪಾನ್ ಮಿನುಗತೊಡಗಿದರೆ ಒಎನ್‌ಟಿಯೊಳಗಿದ್ದ ನೋಂದಣಿ ಪಾಸ್‌ವರ್ಡ್ ಅಳಿಸಿಹೋಗಿರಬಹುದು. ಅದನ್ನು ಮತ್ತೆ ಹಾಕಿಕೊಡಬೇಕಾದವರು ಕಂಪನಿಯವರೇ.

ಬೆಳಕಿನ ಲೆಕ್ಕ

ಎರಡು ದೀಪಗಳೂ ಸರಿಯಿದ್ದು ನೆಟ್ ಆಗಾಗ ಕೈಕೊಡುತ್ತಿದ್ದರೆ ಒಎನ್‌ಟಿಯ ಪುಟಕ್ಕೆ ಹೋಗಿ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.100.1, ಇಲ್ಲವೇ ಲೇಬಲ್‌ನಲ್ಲಿ ಬರೆದ ವಿಳಾಸ. ‘ಸ್ಟೇಟಸ್’ ಅಡಿಯಲ್ಲಿ ‘ಪಾನ್’ ಅಥವಾ ‘ಆಪ್ಟಿಕಲ್’ ಎಂಬ ಪುಟ ಇರುತ್ತದೆ. ಅಲ್ಲಿ ನೋಡಬೇಕಾದ್ದು ಆರ್‌ಎಕ್ಸ್ ಪವರ್, ಅಂದರೆ ಮನೆಗೆ ಬಂದು ತಲುಪಿದ ಬೆಳಕಿನ ಪ್ರಮಾಣ. ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಗುರುತಿನೊಂದಿಗೆ ಇರುತ್ತದೆ. ಮೈನಸ್ಸಿನ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಮಂಕು.

ಜಿಪಾನ್‌ನ ಬಿ ಪ್ಲಸ್ ವರ್ಗದ ಒಎನ್‌ಟಿ -8ರಿಂದ -27 ಡಿಬಿಎಂವರೆಗಿನ ಬೆಳಕನ್ನು ಓದಬಲ್ಲದು. -27 ಅಂಚಿನ ಸಂಖ್ಯೆ. ಅಲ್ಲಿ ನಿಂತ ಸಂಪರ್ಕ ಒಂದು ಮಳೆಗೆ ಬೀಳುತ್ತದೆ. -15ರಿಂದ -24ರೊಳಗಿದ್ದರೆ ನೆಮ್ಮದಿ. -25 ದಾಟಿದ್ದರೆ ನೆಟ್ ನಡೆಯುತ್ತಿದ್ದರೂ ದೂರು ಕೊಡಿ.

ನಿಮ್ಮ ಮನೆಗೆ ಎಷ್ಟು ಬರಬೇಕೆಂದು ಅಂದಾಜು ಹಾಕುವುದು ಕಷ್ಟವಲ್ಲ. ಒಎಲ್‌ಟಿ 3 ಡಿಬಿಎಂ ಬಿಡುತ್ತದೆ ಎನ್ನೋಣ. ಎಂಟು ದಾರಿಯ ಸ್ಪ್ಲಿಟರ್ ಒಂದಕ್ಕೆ ಸುಮಾರು 10.5 ಡೆಸಿಬೆಲ್ ನಷ್ಟ. ಒಂದರ ಹಿಂದೆ ಒಂದು ಎರಡಿದ್ದರೆ 21. ಐದು ಕಿಲೋಮೀಟರ್ ಫೈಬರ್‌ಗೆ, ಕಿಲೋಮೀಟರಿಗೆ 0.35ರ ಲೆಕ್ಕದಲ್ಲಿ, 1.75. ಕನೆಕ್ಟರ್‌ಗಳು ಮತ್ತು ಬೆಸುಗೆ ಸೇರಿ ಒಂದೂವರೆ. ಒಟ್ಟು 24.25 ಕಳೆದರೆ ಮನೆಗೆ -21.25. ಪುಟದಲ್ಲಿ -21 ಚಿಲ್ಲರೆ ಕಂಡರೆ ದಾರಿ ಸ್ವಚ್ಛವಾಗಿದೆ. -27 ಕಂಡರೆ ನಡುವೆ ಎಲ್ಲೋ ಆರು ಡೆಸಿಬೆಲ್ ಸೋರುತ್ತಿದೆ. ಮೂರು ಡೆಸಿಬೆಲ್ ಹೋದರೆ ಬೆಳಕು ಅರ್ಧವಾಗುತ್ತದೆ, ಆರು ಹೋದರೆ ಕಾಲುಭಾಗ ಉಳಿಯುತ್ತದೆ.

ಸೋರುವ ಜಾಗ ಸಾಮಾನ್ಯವಾಗಿ ಕನೆಕ್ಟರ್. ಹಸಿರು ಮೂತಿಯದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರ ತುದಿ ಓರೆಯಿಲ್ಲದ್ದು. ಹಸಿರನ್ನು ನೀಲಿಯೊಳಗೆ ತುರುಕಿದರೆ ತುದಿಗಳ ನಡುವೆ ಸಂದು ಉಳಿದು ಬೆಳಕು ಪೋಲಾಗುತ್ತದೆ, ಗಾಜೂ ಗೀರುತ್ತದೆ. ಇನ್ನೊಂದು ಕಾರಣ ಧೂಳು. ಬಾಯಿಂದ ಊದಬೇಡಿ, ಉಸಿರಿನ ತೇವ ಗಾಜಿಗೆ ಅಂಟುತ್ತದೆ. ಅಂಗಿಯ ತುದಿಯಿಂದಲೂ ಒರೆಸಬೇಡಿ. ನಾರು ಬಿಡದ ಬಟ್ಟೆಗೆ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಒಂದೇ ದಿಕ್ಕಿಗೆ ಒಮ್ಮೆ ಒರೆಸಿ, ಒಣಗಿದ ಮೇಲೆ ಸಿಕ್ಕಿಸಿ. ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ಎಂದೂ ನೋಡಬೇಡಿ: 1490 ಮತ್ತು 1310 ನ್ಯಾನೊಮೀಟರ್‌ನ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ರೆಪ್ಪೆ ಮುಚ್ಚಿ ತಪ್ಪಿಸಿಕೊಳ್ಳುವುದೂ ಆಗದು.

ಮಲೆನಾಡು, ಕರಾವಳಿಯ ಕಡೆ ಮಳೆಗಾಲದಲ್ಲಿ ಈ ಸಂಖ್ಯೆಯನ್ನು ವಾರಕ್ಕೊಮ್ಮೆ ಬರೆದಿಡುವುದು ಒಳ್ಳೆಯದು. ಬೇಸಿಗೆಯಲ್ಲಿ -20 ಇದ್ದದ್ದು ಜುಲೈಯಲ್ಲಿ -24, ಮತ್ತೆ -26 ಎಂದು ಇಳಿಯುತ್ತ ಹೋದರೆ ಕಂಬದ ಮೇಲಿನ ಜಾಯಿಂಟ್ ಡಬ್ಬಿಗೆ ನೀರು ಹೊಕ್ಕಿರಬಹುದು, ಇಲ್ಲವೇ ಕೊಂಬೆಯೊಂದು ಕೇಬಲ್ ಮೇಲೆ ಒರಗಿರಬಹುದು. ಪೂರ್ತಿ ಕಡಿದುಹೋಗುವ ಮೊದಲೇ ಹೇಳಿದರೆ ಲೈನ್‌ಮನ್ನಿಗೂ ಕೆಲಸ ಹಗುರ.

ಲಾಗಿನ್ ಎಲ್ಲಿ ಮುರಿಯುತ್ತದೆ

ಬೆಳಕು ಸರಿ, ಪಾನ್ ಸ್ಥಿರ, ಆದರೂ ನೆಟ್ ಇಲ್ಲ ಎಂದಾದರೆ ತೊಂದರೆ ಬಹುತೇಕ ಇಲ್ಲೇ. ನಮ್ಮಲ್ಲಿ ಬಿಎಸ್‌ಎನ್‌ಎಲ್ ಫೈಬರ್‌ನಿಂದ ಹಿಡಿದು ಊರಿನ ಕೇಬಲ್ ಆಪರೇಟರರವರೆಗೆ ಬಹಳ ಕಡೆ ಬಳಕೆಯಲ್ಲಿರುವುದು ಪಿಪಿಪಿಒಇ ಎಂಬ ಲಾಗಿನ್ ಪದ್ಧತಿ. 1999ರ ಆರ್‌ಎಫ್‌ಸಿ 2516 ಎಂಬ ಇಂಟರ್‌ನೆಟ್ ದಾಖಲೆಯಲ್ಲಿ ಇದರ ನಿಯಮಗಳಿವೆ. ನಡೆಯುವುದು ಒಂದು ಸಣ್ಣ ಮಾತುಕತೆ. ರೂಟರ್ ‘ಯಾರಾದರೂ ಇದ್ದೀರಾ’ ಎಂದು ಕೂಗುತ್ತದೆ, ಅದು ಪಿಎಡಿಐ. ಕಂಪನಿಯ ಸರ್ವರ್ ‘ನಾನಿದ್ದೇನೆ’ ಎನ್ನುತ್ತದೆ, ಪಿಎಡಿಒ. ‘ನಿಮ್ಮೊಂದಿಗೇ ಸೇರುತ್ತೇನೆ’ ಎಂದು ರೂಟರ್, ಪಿಎಡಿಆರ್. ‘ಆಗಲಿ, ಇಗೋ ಸೆಷನ್ ಸಂಖ್ಯೆ’ ಎಂದು ಸರ್ವರ್, ಪಿಎಡಿಎಸ್. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವುದು ಇದಾದ ಮೇಲೆ. ರೂಟರಿನ ‘ಸಿಸ್ಟಂ ಲಾಗ್’ ತೆರೆದು ಮಾತು ಎಲ್ಲಿ ನಿಂತಿತು ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಪಿಎಡಿಐ ಮೇಲೆ ಪಿಎಡಿಐ ಹೋಗುತ್ತಿದೆ, ಉತ್ತರ ಒಂದೂ ಇಲ್ಲ. ಇಲ್ಲಿ ಪಾಸ್‌ವರ್ಡ್ ತಿದ್ದಿ ಉಪಯೋಗವಿಲ್ಲ. ಅದನ್ನು ಯಾರೂ ಇನ್ನೂ ಕೇಳಿಯೇ ಇಲ್ಲ. ಕಾರಣ ಹೆಚ್ಚಾಗಿ ವಿಲ್ಯಾನ್. ಒಂದೇ ಫೈಬರ್‌ನಲ್ಲಿ ಇಂಟರ್‌ನೆಟ್, ಫೋನು, ಟಿವಿ, ಕಂಪನಿಯ ನಿರ್ವಹಣೆ ಎಲ್ಲ ಬೇರೆ ಬೇರೆ ಸಂಖ್ಯೆಯ ವಿಲ್ಯಾನ್‌ನಲ್ಲಿ ಹರಿಯಬಹುದು. ಸಂಖ್ಯೆ 1ರಿಂದ 4094ರೊಳಗೆ ಯಾವುದಾದರೂ ಇರಬಹುದು, ಊರಿಂದ ಊರಿಗೆ, ಒಎಲ್‌ಟಿಯಿಂದ ಒಎಲ್‌ಟಿಗೆ ಬದಲಾಗುತ್ತದೆ. ಹಾಗಾಗಿ ಬೇರೆ ಊರಿನವರು ಯೂಟ್ಯೂಬ್‌ನಲ್ಲಿ ಹೇಳಿದ ಸಂಖ್ಯೆ ನಿಮಗೆ ಕೆಲಸಕ್ಕೆ ಬರುವುದಿಲ್ಲ, ನಿಮ್ಮ ಆಪರೇಟರರನ್ನೇ ಕೇಳಿ. ಬ್ರಿಡ್ಜ್ ಮೋಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಎನ್‌ಟಿಯೇ ವಿಲ್ಯಾನ್ ಸಂಖ್ಯೆ ಅಂಟಿಸಿ ಕಳಿಸುತ್ತಿದ್ದರೆ ರೂಟರಿನಲ್ಲಿ ಅದನ್ನು ಹಾಕಬಾರದು. ಒಎನ್‌ಟಿ ಬಂದದ್ದನ್ನು ಬಂದ ಹಾಗೇ ಬಿಡುತ್ತಿದ್ದರೆ ರೂಟರಿನಲ್ಲಿ ಹಾಕಲೇಬೇಕು. ಎರಡೂ ಕಡೆ ಹಾಕಿದರೂ ಉತ್ತರ ಬಾರದು, ಎರಡೂ ಕಡೆ ಬಿಟ್ಟರೂ ಬಾರದು. ಇದರ ಜೊತೆ ಒಎನ್‌ಟಿಯ ವ್ಯಾನ್ (ಹೊರಗಿನ, ಕಂಪನಿಯ ಕಡೆಯ ಸಂಪರ್ಕ) ಪುಟದಲ್ಲಿ ‘ಪೋರ್ಟ್ ಬೈಂಡಿಂಗ್’ ನೋಡಿ. ಬ್ರಿಡ್ಜ್ ಸಂಪರ್ಕವನ್ನು ಲ್ಯಾನ್ 1ಕ್ಕೆ ಮಾತ್ರ ಕಟ್ಟಿದ್ದು, ನೀವು ತಂತಿಯನ್ನು ಲ್ಯಾನ್ 3ಕ್ಕೆ ಸಿಕ್ಕಿಸಿದ್ದರೆ ದೀಪ ಹತ್ತುತ್ತದೆ, ಕೂಗು ಮಾತ್ರ ಹೊರಗೆ ಹೋಗುವುದಿಲ್ಲ. ವಿಂಡೋಸ್ ಕಂಪ್ಯೂಟರಿನಿಂದ ನೇರ ಡಯಲ್ ಮಾಡುವವರಿಗೆ ಈ ಹಂತದ ತೊಂದರೆ ಸಾಮಾನ್ಯವಾಗಿ ಎರರ್ 651 ಎಂದು ಕಾಣುತ್ತದೆ.

ಪಿಎಡಿಎಸ್ ತನಕ ಬಂದು, ಆಮೇಲೆ ‘ಅಥೆಂಟಿಕೇಶನ್ ಫೇಲ್ಡ್’. ವಿಂಡೋಸ್‌ನಲ್ಲಿ ಇದು 691. ಈ ಮಾತು ಬಂದರೆ ಎಲ್ಲರೂ ಪಾಸ್‌ವರ್ಡ್ ತಪ್ಪು ಎಂದುಕೊಳ್ಳುತ್ತಾರೆ. ಅದೂ ಇರಬಹುದು, ಆದರೆ ಬೇರೆ ಕಾರಣಗಳೂ ಇವೆ:

- ಯೂಸರ್‌ನೇಮ್ ಅರ್ಧ ಹಾಕಿರುವುದು. ಆಟ್ ಗುರುತಿನ ನಂತರದ ಭಾಗವೂ ಅದಕ್ಕೆ ಸೇರಿದ್ದು. ಫೋನಿನಿಂದ ಟೈಪ್ ಮಾಡುವಾಗ ಮೊದಲ ಅಕ್ಷರ ದೊಡ್ಡದಾಗುವುದು, ಕೊನೆಯಲ್ಲಿ ಖಾಲಿ ಜಾಗ ಸೇರುವುದು ಬಹಳ ಆಗುತ್ತದೆ.
- ಪ್ಲ್ಯಾನ್ ಅವಧಿ ಮುಗಿದಿರುವುದು. ಕೆಲವು ಕಂಪನಿಗಳು ಲಾಗಿನ್ ಬಿಟ್ಟು ದುಡ್ಡು ಕಟ್ಟುವ ಪುಟ ತೋರಿಸುತ್ತವೆ, ಕೆಲವು ಲಾಗಿನ್ನನ್ನೇ ನಿರಾಕರಿಸುತ್ತವೆ.
- ಹಳೆಯ ರೂಟರಿನ ಮ್ಯಾಕ್ ವಿಳಾಸಕ್ಕೆ (ತಯಾರಕರು ಆ ಯಂತ್ರಕ್ಕೆ ಕೊಟ್ಟ ಗುರುತಿನ ಸಂಖ್ಯೆಗೆ) ನಿಮ್ಮ ಖಾತೆಯನ್ನು ಕಟ್ಟಿಹಾಕಿರುವುದು. ಹೊಸ ರೂಟರ್ ತಂದ ದಿನವೇ ಶುರುವಾದ ತೊಂದರೆಯಾದರೆ ಇದೇ ಕಾರಣ ಇರಬಹುದು. ಆಪರೇಟರರಿಗೆ ‘ಮ್ಯಾಕ್ ಕ್ಲಿಯರ್ ಮಾಡಿ’ ಎಂದರೆ ಅರ್ಥವಾಗುತ್ತದೆ. ರೂಟರಿನ ‘ಮ್ಯಾಕ್ ಕ್ಲೋನ್’ನಲ್ಲಿ ಹಳೆಯ ವಿಳಾಸ ಹಾಕಿಯೂ ನಡೆಸಬಹುದು, ಆದರೆ ಆಮೇಲೆ ಹಳೆಯ ರೂಟರನ್ನು ಅದೇ ಜಾಲಕ್ಕೆ ಸಿಕ್ಕಿಸಬಾರದು.
- ಹಳೆಯ ಸೆಷನ್ ಸರ್ವರ್‌ನಲ್ಲಿ ಇನ್ನೂ ಜೀವಂತ ಇರುವುದು.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕರೆಂಟು ಹೋಗಿ ಬರುವ ಊರುಗಳಲ್ಲಿ ನಿತ್ಯ ಕಾಡುವುದು ಇದೇ. ರೂಟರನ್ನು ಸರಿಯಾಗಿ ಡಿಸ್‌ಕನೆಕ್ಟ್ ಮಾಡಿದರೆ ಅದು ಪಿಎಡಿಟಿ ಕಳಿಸಿ ವಿದಾಯ ಹೇಳುತ್ತದೆ. ಕರೆಂಟು ದಿಢೀರ್ ಹೋದರೆ ಆ ಮಾತು ಹೋಗುವುದಿಲ್ಲ. ಸರ್ವರ್ ಪಾಲಿಗೆ ನೀವಿನ್ನೂ ಒಳಗೇ ಇದ್ದೀರಿ. ಒಂದು ಖಾತೆಗೆ ಒಂದೇ ಸೆಷನ್ ಎಂಬ ಮಿತಿ ಇದ್ದರೆ ಕರೆಂಟು ಬಂದ ಮೇಲೆ ನಿಮ್ಮದೇ ರೂಟರನ್ನು ಎರಡನೆಯವನೆಂದು ಹೊರಗೆ ನಿಲ್ಲಿಸುತ್ತದೆ. ಆಗ ಮಾಡಬೇಕಾದ್ದು ರೂಟರನ್ನು ಹತ್ತು ನಿಮಿಷ ಪೂರ್ತಿ ಆಫ್ ಮಾಡಿಡುವುದು. ಆನ್ ಮಾಡಿ ಆಫ್ ಮಾಡಿ ನೋಡುತ್ತಿದ್ದರೆ ಕೆಲವು ಸರ್ವರ್‌ಗಳು ಪದೇ ಪದೇ ಬರುವ ವಿಫಲ ಲಾಗಿನ್ನಿಗೆ ತಡೆ ಹಾಕುತ್ತವೆ. ಹತ್ತು ನಿಮಿಷದ ನಂತರವೂ 691 ಬಂದರೆ ಸೆಷನ್ ತೆಗೆಯಲು ಆಪರೇಟರರಿಗೆ ಫೋನ್ ಮಾಡಿ. ಅವರಿಗೆ ಒಂದು ಕ್ಲಿಕ್ಕಿನ ಕೆಲಸ.

ಲಾಗಿನ್ ಆಗುತ್ತದೆ, ಕೆಲವು ನಿಮಿಷದಲ್ಲಿ ಬಿದ್ದುಹೋಗುತ್ತದೆ, ಲಾಗ್‌ನಲ್ಲಿ ‘ಎಲ್‌ಸಿಪಿ ಎಕೋ’ಗೆ ಉತ್ತರವಿಲ್ಲ ಎಂದಿದೆ. ಎರಡೂ ಕಡೆಯವರು ಆಗಾಗ ‘ಇದ್ದೀಯಾ’ ಎಂದು ಕೇಳಿಕೊಳ್ಳುವುದು ಎಲ್‌ಸಿಪಿ ಎಕೋ. ಕೆಲವು ಸಲ ಸತತ ಉತ್ತರ ಬಾರದಿದ್ದರೆ ಸೆಷನ್ ಮುರಿಯುತ್ತದೆ. ಮತ್ತೆ ಆರ್‌ಎಕ್ಸ್ ಪವರ್ ನೋಡಿ, ಒಎನ್‌ಟಿಯಿಂದ ರೂಟರಿಗೆ ಬರುವ ಲ್ಯಾನ್ ತಂತಿ ಬದಲಿಸಿ ನೋಡಿ. ರೂಟರಿನ ಪಿಪಿಪಿಒಇ ಪುಟದಲ್ಲಿ ‘ಸರ್ವಿಸ್ ನೇಮ್’, ‘ಎಸಿ ನೇಮ್’ ಖಾಲಿ ಬಿಟ್ಟಿರಿ, ‘ಕನೆಕ್ಟ್ ಆನ್ ಡಿಮ್ಯಾಂಡ್’ ಬದಲು ‘ಆಲ್‌ವೇಸ್ ಆನ್’ ಇಡಿ.

ಒಂದು ಎಚ್ಚರಿಕೆ: ಒಎನ್‌ಟಿಯ ವ್ಯಾನ್ ಪಟ್ಟಿಯಲ್ಲಿ ‘ಟಿಆರ್-069’ ಎಂಬ ಸಂಪರ್ಕ ಕಂಡರೆ ಅಳಿಸಬೇಡಿ. ದೂರದಿಂದ ಸೆಟ್ಟಿಂಗ್ ಕಳಿಸಲು, ಸಾಫ್ಟ್‌ವೇರ್ ನವೀಕರಿಸಲು ಕಂಪನಿ ಬಳಸುವ ದಾರಿ ಅದು. ಕೆಲವು ಕಡೆ ಇಂಟರ್‌ನೆಟ್ಟೂ ಅದೇ ಸಂಪರ್ಕದಲ್ಲಿ ಸೇರಿರುತ್ತದೆ.

ಸಿಕ್ಕ ಐಪಿ ಯಾವ ಜಾತಿಯದು

ಲಾಗಿನ್ ಆದ ಮೇಲೆ ವ್ಯಾನ್ ಪುಟದಲ್ಲಿ ಐಪಿ ಕಾಣುತ್ತದೆ. 0.0.0.0 ಎಂದರೆ ಏನೂ ಸಿಕ್ಕಿಲ್ಲ. 100.64ರಿಂದ 100.127ರೊಳಗೆ ಶುರುವಾಗುವ ವಿಳಾಸ ಸಿಜಿನ್ಯಾಟ್‌ನದು. 2012ರ ಆರ್‌ಎಫ್‌ಸಿ 6598 ಈ ಸಾಲನ್ನು ಇದಕ್ಕೆಂದೇ ಎತ್ತಿಟ್ಟಿದೆ. ಒಂದು ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸುವ ಏರ್ಪಾಡು. ಕೆಲವು ಆಪರೇಟರರು 10ರಿಂದ ಶುರುವಾಗುವ ಖಾಸಗಿ ವಿಳಾಸವನ್ನೂ ಕೊಡುತ್ತಾರೆ. ನೋಡುವುದಕ್ಕೆ, ಕೇಳುವುದಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ತೋಟದ ಸಿಸಿಟಿವಿಯನ್ನು ಬೆಂಗಳೂರಿನಿಂದ ನೋಡಬೇಕೆಂದು ಪೋರ್ಟ್ ಫಾರ್ವರ್ಡ್ ಮಾಡಿದರೆ (ಹೊರಗಿನಿಂದ ಒಳಬರಲು ರೂಟರಿನಲ್ಲಿ ಬಾಗಿಲು ತೆರೆದಿಟ್ಟರೆ) ಎಷ್ಟು ಸಲ ಮಾಡಿದರೂ ತೆರೆಯದು. ಬಾಗಿಲು ನಿಮ್ಮ ರೂಟರಿನಲ್ಲಿ ಇಲ್ಲ, ಕಂಪನಿಯ ಯಂತ್ರದಲ್ಲಿದೆ. ಬ್ರೌಸರ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿ. ಅಲ್ಲಿ ಕಂಡದ್ದು ವ್ಯಾನ್ ಪುಟದ ಐಪಿಗಿಂತ ಬೇರೆಯಾಗಿದ್ದರೆ ಇದೇ ಕಥೆ. ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಿರಿ, ಇಲ್ಲವೇ ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಿ. ಎರಡೂ ತುದಿಯಲ್ಲಿ ಐಪಿವಿ6 (ಹೊಸ, ಉದ್ದದ ಐಪಿ ವಿಳಾಸ) ಇದ್ದರೆ ಅದೂ ಒಂದು ದಾರಿ.

ಮನೆಯೊಳಗೆ ಎರಡು ಪೆಟ್ಟಿಗೆ ಇದ್ದಾಗ ಆಗುವ ಎಡವಟ್ಟು ಬೇರೆ. ರೂಟ್ ಮೋಡ್‌ನ ಒಎನ್‌ಟಿಯೂ 192.168.1.1, ಅದರ ಹಿಂದಿನ ರೂಟರೂ 192.168.1.1 ಆದರೆ ರೂಟರಿಗೆ ಒಳಗು ಹೊರಗು ತಿಳಿಯದೆ ಹೋಗುತ್ತದೆ. ರೂಟರಿನ ಲ್ಯಾನ್ ವಿಳಾಸವನ್ನು 192.168.50.1 ಮಾಡಿ. ಎರಡನೆಯದು ವೈಫೈ ಹಿಗ್ಗಿಸಲು ಮಾತ್ರ ಬೇಕಿದ್ದರೆ ಇನ್ನೂ ಸುಲಭ: ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಆಯ್ಕೆ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ನಿಲ್ಲಿಸಿ, ತಂತಿಯನ್ನು ಅದರ ವ್ಯಾನ್‌ಗಲ್ಲ, ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಡಿಎಚ್‌ಸಿಪಿ ನಿಲ್ಲಿಸಲು ಮರೆತರೆ ಕೆಲವು ಫೋನುಗಳಿಗೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ನಾಳೆ ಅದೇ ಅದಲುಬದಲಾಗುತ್ತದೆ.

ಕೆಲವು ಸೈಟ್ ಮಾತ್ರ ತೆರೆಯದಿದ್ದರೆ

ಯೂಟ್ಯೂಬ್ ಓಡುತ್ತದೆ, ವಾಟ್ಸ್ಆ್ಯಪ್ ಓಡುತ್ತದೆ, ಬ್ಯಾಂಕಿನ ಪುಟ ಸುತ್ತುತ್ತಲೇ ಇರುತ್ತದೆ, ಆಫೀಸಿನ ವಿಪಿಎನ್ ಕನೆಕ್ಟ್ ಆಗಿ ಅಲ್ಲೇ ನಿಲ್ಲುತ್ತದೆ. ಈ ಲಕ್ಷಣಕ್ಕೆ ಮೊದಲು ಅನುಮಾನಿಸಬೇಕಾದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಎಷ್ಟೋ ಮಂದಿ ಇದನ್ನು ಬ್ಯಾಂಕಿನ ತಪ್ಪೆಂದು ತಿಂಗಳುಗಟ್ಟಲೆ ಸಹಿಸಿಕೊಂಡಿರುತ್ತಾರೆ.

ಲ್ಯಾನ್ ತಂತಿಯಲ್ಲಿ ಒಂದು ಪ್ಯಾಕೆಟ್ಟಿನ ಗಾತ್ರ ಹೆಚ್ಚೆಂದರೆ 1500 ಬೈಟ್. ಪಿಪಿಪಿಒಇ ತನ್ನ ತಲೆಪಟ್ಟಿಗೆ 6, ಪಿಪಿಪಿಗೆ 2, ಒಟ್ಟು 8 ಬೈಟ್ ತೆಗೆದುಕೊಳ್ಳುತ್ತದೆ. ಉಳಿಯುವುದು 1492. ಆಚೆಯ ಸರ್ವರ್ 1500ರ ಪ್ಯಾಕೆಟ್ ಕಳಿಸಿದರೆ ಅದು ನಡುವೆ ತೂರುವುದಿಲ್ಲ. ‘ಚಿಕ್ಕದು ಮಾಡಿ ಕಳಿಸು’ ಎಂಬ ಐಸಿಎಂಪಿ ಸಂದೇಶ ಹಿಂದಕ್ಕೆ ಹೋಗಬೇಕು. ಬ್ಯಾಂಕು, ಸರ್ಕಾರಿ ಜಾಲಗಳ ಫೈರ್‌ವಾಲ್ ಐಸಿಎಂಪಿಯನ್ನೇ ತಡೆದಿದ್ದರೆ ಆ ಸಂದೇಶ ತಲುಪುವುದಿಲ್ಲ. ಸರ್ವರ್ ದೊಡ್ಡ ಪ್ಯಾಕೆಟ್ ಕಳಿಸುತ್ತಲೇ ಇರುತ್ತದೆ, ನಿಮ್ಮ ಪುಟ ಸುತ್ತುತ್ತಲೇ ಇರುತ್ತದೆ. ಯೂಟ್ಯೂಬ್ ಬಳಸುವ ಕ್ವಿಕ್ ಎಂಬ ಸಾಗಣೆ ವಿಧಾನ ಚಿಕ್ಕ ಗಾತ್ರದಿಂದಲೇ ಶುರುಮಾಡುತ್ತದೆ, ಅದಕ್ಕೆ ಈ ಅಡ್ಡಿ ತಟ್ಟುವುದಿಲ್ಲ.

ಪರೀಕ್ಷಿಸಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ, ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ:

ಪಿಂಗ್ 1.1.1.1 -ಎಫ್ -ಎಲ್ 1464

1464ಕ್ಕೆ ಐಪಿ ಮತ್ತು ಐಸಿಎಂಪಿಯ 28 ಸೇರಿದರೆ 1492. ಇದಕ್ಕೆ ಉತ್ತರ ಬಂದು, 1465ಕ್ಕೆ ‘ಪ್ಯಾಕೆಟ್ ನೀಡ್ಸ್ ಟು ಬಿ ಫ್ರಾಗ್ಮೆಂಟೆಡ್’ ಎಂದು ಬಂದರೆ ಅಳತೆ ಸರಿ. 1464ಕ್ಕೇ ಉತ್ತರ ಬಾರದಿದ್ದರೆ ಹತ್ತು ಹತ್ತು ಇಳಿಸುತ್ತ ಹೋಗಿ, ಉತ್ತರ ಬಂದಲ್ಲಿಂದ ಒಂದೊಂದೇ ಏರಿಸಿ. ಉತ್ತರ ಕೊಟ್ಟ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ನಿಮ್ಮ ನಿಜವಾದ ಎಂಟಿಯು. ಅದನ್ನು ರೂಟರಿನ ಪಿಪಿಪಿಒಇ ಪುಟದಲ್ಲಿ ಹಾಕಿ. ಮೈಕ್ರೋಟಿಕ್‌ನಂಥ ರೂಟರ್ ನಡೆಸುವವರು ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಯುವ ಮಾಹಿತಿಯ ಮಿತಿ) ತಿದ್ದುವ ನಿಯಮ ಚಾಲೂ ಇದೆಯೇ ನೋಡಬೇಕು: ಐಪಿವಿ4ಕ್ಕೆ 1492ರಲ್ಲಿ 40 ಕಳೆದು 1452, ಐಪಿವಿ6ಕ್ಕೆ 60 ಕಳೆದು 1432. ಐಪಿವಿ6ರಲ್ಲಿ ನಡುವಿನ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ, ಹಾಗಾಗಿ ಎರಡನೆಯ ಸಂಖ್ಯೆಯನ್ನು ಮರೆತರೆ ತೊಂದರೆ ಅರ್ಧ ಮಾತ್ರ ಹೋಗುತ್ತದೆ.

ಯಾವ ಸೈಟೂ ತೆರೆಯದೆ, 1.1.1.1ಕ್ಕೆ ಪಿಂಗ್ ಮಾತ್ರ ಹೋಗುತ್ತಿದ್ದರೆ ಅದು ಡಿಎನ್‌ಎಸ್. ರೂಟರಿನಲ್ಲಿ 1.1.1.1 ಮತ್ತು 8.8.8.8 ಹಾಕಿ ನೋಡಿ. ಮನೆಯಲ್ಲಿ ಒಂದೇ ಫೋನಿಗೆ ಹೀಗಾಗುತ್ತಿದ್ದರೆ ರೂಟರ್ ಮುಟ್ಟಬೇಡಿ. ಆ ಆಂಡ್ರಾಯ್ಡ್ ಫೋನಿನ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಜಾಹೀರಾತು ತಡೆಯಲೆಂದು ಯಾರೋ ಹಾಕಿಟ್ಟ ಹೆಸರು ಇರಬಹುದು. ಅದನ್ನು ‘ಆಟೋಮ್ಯಾಟಿಕ್’ ಮಾಡಿ.

ವೇಗ ಬರುತ್ತಿಲ್ಲ ಎನ್ನುವಾಗ

ವೈಫೈಯಲ್ಲಿ ಅಳೆದ ವೇಗವನ್ನು ದೂರಿಗೆ ಬರೆಯಬೇಡಿ. ಲ್ಯಾಪ್‌ಟಾಪನ್ನು ತಂತಿಯಿಂದ ಜೋಡಿಸಿ ಅಳೆಯಿರಿ. 200ರ ಪ್ಲ್ಯಾನಿಗೆ ಎಷ್ಟು ಸಲ ಅಳೆದರೂ 94ರ ಆಸುಪಾಸಿನಲ್ಲೇ ನಿಂತರೆ ಎಲ್ಲೋ ಒಂದು ಕಡೆ ಪೋರ್ಟ್ 100ಕ್ಕೆ ಇಳಿದಿದೆ. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ತಂತಿ ಕ್ರಿಂಪ್‌ನಲ್ಲಿ ಸರಿಯಾಗಿ ಕೂತಿರದಿದ್ದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಆರ್‌ಜೆ45 ಮತ್ತೆ ಕ್ರಿಂಪ್ ಮಾಡುವುದಾದರೆ ಎರಡೂ ತುದಿಗೆ ಒಂದೇ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಒಎನ್‌ಟಿಯ ಕೆಲವು ಪೋರ್ಟುಗಳು ಹುಟ್ಟಾ 100ರವೇ ಆಗಿರುತ್ತವೆ. ‘ಜಿಇ’ ಎಂದು ಬರೆದಿರುವುದು ಗಿಗಾಬಿಟ್, ‘ಎಫ್‌ಇ’ ಅಲ್ಲ.

ತಂತಿಯೂ ಪೋರ್ಟೂ ಸರಿಯಿದ್ದು ವೇಗ ಅರ್ಧಕ್ಕೇ ನಿಂತರೆ ರೂಟರಿನ ಕ್ಯೂಒಎಸ್ (ಯಾವ ಬಳಕೆಗೆ ಆದ್ಯತೆ ಎಂದು ಆರಿಸುವ ಸೌಲಭ್ಯ), ಪೇರೆಂಟಲ್ ಕಂಟ್ರೋಲ್, ಟ್ರಾಫಿಕ್ ಲೆಕ್ಕ ಇಡುವ ಸೌಲಭ್ಯಗಳನ್ನು ಆಫ್ ಮಾಡಿ ನೋಡಿ. ಅಗ್ಗದ ರೂಟರ್‌ಗಳಲ್ಲಿ ಇವು ಚಾಲೂ ಆದರೆ ಹಾರ್ಡ್‌ವೇರ್ ವೇಗವರ್ಧನೆ ನಿಂತು ಪ್ರತಿ ಪ್ಯಾಕೆಟ್ಟೂ ಪ್ರೊಸೆಸರ್ ಮೂಲಕ ಹೋಗಬೇಕಾಗುತ್ತದೆ. ವೈಫೈ ವಿಚಾರದಲ್ಲಿ ಹೇಳುವುದು ಕಡಿಮೆ: 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ ಅಗಲ 20 ಮೆಗಾಹರ್ಟ್ಸ್ ಇಡಿ. ವೇಗ ಬೇಕಾದ ಕೋಣೆಗೆ 5 ಗಿಗಾಹರ್ಟ್ಸ್ ಬಳಸಿ.

ಅಡಾಪ್ಟರ್, ಯುಪಿಎಸ್, ಸಿಡಿಲು

ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ಸಾಫ್ಟ್‌ವೇರ್ ಬಯ್ಯುವ ಮೊದಲು ಅಡಾಪ್ಟರ್ ಬದಲಿಸಿ. ಹಳೆಯ ಅಡಾಪ್ಟರ್ ಸುಮ್ಮನಿದ್ದಾಗ 12 ವೋಲ್ಟ್ ತೋರಿಸುತ್ತದೆ, ಹೊರೆ ಬಿದ್ದಾಗ ಕುಸಿಯುತ್ತದೆ. ವೋಲ್ಟ್ ತದ್ರೂಪ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. ಮಿನಿ ಯುಪಿಎಸ್ ಕೊಳ್ಳುವಾಗ ಒಎನ್‌ಟಿ ಮತ್ತು ರೂಟರ್ ಎರಡರ ಆಂಪಿಯರ್ ಕೂಡಿಸಿ. 1 ಮತ್ತು 1.5 ಕೂಡಿ ಎರಡೂವರೆ ಆಗುವಲ್ಲಿ 2 ಆಂಪಿಯರ್‌ನ ಪೆಟ್ಟಿಗೆ ಸಾಲದು.

ಫೈಬರ್‌ಗೆ ಸಿಡಿಲು ಹೊಡೆಯುವುದಿಲ್ಲ ಎಂಬುದು ಗಾಜಿನ ಎಳೆಯ ಮಟ್ಟಿಗೆ ನಿಜ. ಆದರೆ ಡ್ರಾಪ್ ಕೇಬಲ್‌ನೊಳಗೆ ಆಧಾರಕ್ಕೆಂದು ಉಕ್ಕಿನ ತಂತಿ ಇದ್ದರೆ ಅದು ಮನೆಯ ಹೊರಗೇ ಕೊನೆಯಾಗಬೇಕು, ಪೆಟ್ಟಿಗೆಯ ತನಕ ಬರಬಾರದು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ. ಅಂಗಳ ದಾಟಿ ಹೋಗುವ ಲ್ಯಾನ್ ತಂತಿ ಇದ್ದರೆ ಅದನ್ನೂ ಕಿತ್ತಿಡಿ. ಪೋರ್ಟ್ ಸುಡುವುದು ಹೆಚ್ಚಾಗಿ ಆ ದಾರಿಯಿಂದ.

ದೂರು ಕೊಡುವಾಗ

‘ನೆಟ್ ಬರ್ತಿಲ್ಲ’ ಎಂದರೆ ಆ ಕಡೆಯವರು ‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎನ್ನುತ್ತಾರೆ. ಹೀಗೆ ಬರೆದು ಕಳಿಸಿದರೆ ಮಾತು ನೇರ ಕೆಲಸಕ್ಕೆ ಬರುತ್ತದೆ:

‘ಬೆಳಿಗ್ಗೆ 7:40ರಿಂದ ನೆಟ್ ಇಲ್ಲ. ಎಲ್‌ಒಎಸ್ ಆರಿದೆ, ಪಾನ್ ಸ್ಥಿರ. ಆರ್‌ಎಕ್ಸ್ -21.4. ಒಎನ್‌ಟಿ ರೂಟ್ ಮೋಡ್. ಲಾಗ್‌ನಲ್ಲಿ ಪಿಎಡಿಐ ಮಾತ್ರ, ಪಿಎಡಿಒ ಇಲ್ಲ. ಸೆಟ್ಟಿಂಗ್ ಏನೂ ಬದಲಿಸಿಲ್ಲ, ರೀಸೆಟ್ ಮಾಡಿಲ್ಲ.’

ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮನ್ ಬಂದು ಸರಿಮಾಡಿದ ಮೇಲೆ ಅವರು ಗೇಟು ದಾಟುವ ಮೊದಲೇ ಮೂರು ಕೆಲಸ ಆಗಲಿ. ವ್ಯಾನ್ ಪುಟದ ಫೋಟೋ ತೆಗೆಯಿರಿ. ವಿಲ್ಯಾನ್, ಯೂಸರ್‌ನೇಮ್, ಪೋರ್ಟ್ ಬೈಂಡಿಂಗ್ ಮೂರೂ ಕಾಣುವಂತಿರಲಿ. ‘ಬ್ಯಾಕಪ್’ ಆಯ್ಕೆ ಇದ್ದರೆ ಸೆಟ್ಟಿಂಗ್ ಫೈಲ್ ಇಳಿಸಿಕೊಳ್ಳಿ. ಆರ್‌ಎಕ್ಸ್ ಸಂಖ್ಯೆಯನ್ನು ತಾರೀಕಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಒಎನ್‌ಟಿಗೆ ಅಂಟಿಸಿ. ಹಿಂದಿನ ಚೀಟಿಗಿಂತ ಅದು ಎರಡು ಡೆಸಿಬೆಲ್‌ಗೂ ಹೆಚ್ಚು ಕೆಳಗಿದ್ದರೆ ಬೆಸುಗೆ ಚೆನ್ನಾಗಿ ಕೂತಿಲ್ಲ. ಏಣಿ ಇನ್ನೂ ಕಂಬಕ್ಕೆ ಒರಗಿರುವಾಗಲೇ ಮತ್ತೊಮ್ಮೆ ಮಾಡಿಕೊಡಲು ಕೇಳಿ.